ಎರಡು ಫಟಫಟಿ, ಒಂದು ಹಾಂ

ನಮ್ಮ ಸಾಹೇಬರು ಹೋದ ತಿಂಗಳು ಶಹಾಬಾದದ ಮಗಳ ಮನೆಯಲ್ಲಿ ತೀರಿಕೊಂಡರು. ಮಣ್ಣಿಗೆ ಹೋದಾಗ ಸೇಡಂ, ಚಿತ್ತಾಪುರದ ಕಡೆಯಿಂದ ಬಂದ ಹಿರಿಯರೆಲ್ಲ ಒಂದೇ ಮಾತು ಹೇಳಿದರು: "ಭಾಳ ದೊಡ್ಡ ಮನಷ್ಯಾ. ಯಾರಿಗೂ ಇಲ್ಲ ಅಂದಾಂವ ಅಲ್ಲ." ನಾನೂ ತಲೆಯಾಡಿಸಿದೆ. ಮಾತು ಖರೆಯೇ. ಆದರೆ ಇಲ್ಲ ಎನ್ನಬೇಕಾದರೆ ಎದುರಿನವರು ಏನು ಕೇಳಿದರು ಎಂಬುದು ಮೊದಲು ಕಿವಿಗೆ ಬೀಳಬೇಕು. ಸಾಹೇಬರಿಗೆ ಬೀಳುತ್ತಿರಲಿಲ್ಲ.

ನಮ್ಮ ಕಡೆ 'ಹಾಂ' ಎಂದರೆ ಹೌದು. ಅದನ್ನೇ ದನಿ ಸ್ವಲ್ಪ ಎತ್ತಿ ಅಂದರೆ 'ಏನಂದ್ರಿ? ಇನ್ನೊಮ್ಮೆ ಹೇಳ್ರಿ' ಎಂದು. ಹಾಲು ಕುಡಿಯುವ ಕೂಸಿಗೂ ಈ ವ್ಯತ್ಯಾಸ ತಿಳಿಯುತ್ತದೆ. ಸಾಹೇಬರ ಹಾಂ ಮಾತ್ರ ಎರಡರ ನಡುವೆ ಎಲ್ಲೋ ತೂಗಾಡುತ್ತಿತ್ತು. ಅವರು ಕೇಳುತ್ತಿದ್ದದ್ದು 'ಏನು?' ಅಂತ. ಅರ್ಜಿ ಹಿಡಿದು ಬಂದವರು ಅದನ್ನು ಮಂಜೂರಾತಿ ಎಂದುಕೊಂಡು ಕೈಮುಗಿದು ಹೋಗುತ್ತಿದ್ದರು. ಮುಧೋಳದ ಒಬ್ಬ ಗೌಡರು ಬಂದು, ತಮ್ಮ ತೊಗರಿ ಹೊಲದ ನಡುವಿನ ಕರೆಂಟಿನ ಕಂಬವನ್ನು ಬಾಜೂ ಹೊಲಕ್ಕೆ ಸರಿಸಬೇಕು ಎಂದರು. ಹಾಂ. ಮರುದಿನ ಬಾಜೂ ಹೊಲದವನು ಬಂದು, ಸತ್ತರೂ ಆ ಕಂಬ ನನ್ನ ಹೊಲಕ್ಕೆ ಬರಬಾರದು ಎಂದ. ಅವನಿಗೂ ಹಾಂ. ಇಬ್ಬರೂ ಸಾಹೇಬರ ಹೆಸರು ಹೇಳಿ ತೆಂಗಿನಕಾಯಿ ಒಡೆಸಿದರಂತೆ. ಕಂಬ ಎಲ್ಲಿತ್ತೋ ಅಲ್ಲೇ ಇದೆ.

ಅವರು ಕರೆಂಟಿನ ಇಲಾಖೆಯಲ್ಲಿ ಸೇಡಂ ಭಾಗದ ಸೆಕ್ಷನ್ ಆಫೀಸರ್. ನಾನು ಅವರ ಕೈಕೆಳಗಿನ ಓವರ್ಸಿಯರ್. ಊರೂರಿಗೆ ಕಂಬ ನೆಟ್ಟು ತಂತಿ ಎಳೆಯುತ್ತಿದ್ದ ಕಾಲ ಅದು. ಶಹಾಬಾದದ ಫರಸಿಕಲ್ಲಿನ ಖಣಿಯ ಬಳಿ ಒಮ್ಮೆ ಕಂಬ ನಿಲ್ಲಿಸುತ್ತಿದ್ದಾಗ, ಕಲ್ಲು ಒಡೆಯಲು ಇಟ್ಟಿದ್ದ ಸುರಂಗದ ಮದ್ದು ಹೇಳದೆ ಕೇಳದೆ ಹಾರಿ ಅವರ ಎಡಗಿವಿ ಹೋಯಿತು. ಬಲಗಿವಿ ತಾನೂ ಯಾಕೆ ಉಳಿಯಲಿ ಎಂದು ನಿಧಾನವಾಗಿ ಅದರ ಹಿಂದೆಯೇ ಹೊರಟಿತು. ಇದನ್ನು ಮೇಲಿನವರಿಗೆ ಹೇಳಿದರೆ ಡಾಕ್ಟರ ಮುಂದೆ ಕೂಡಿಸಿ ಮನೆಗೆ ಕಳಿಸುತ್ತಿದ್ದರು. ಲೈನಿನ ಕೆಲಸದಲ್ಲಿ ಕಿವಿ ಇಲ್ಲದವನು ನಡೆಯುವುದಿಲ್ಲ. ಕಂಬದ ಮೇಲೊಬ್ಬ ತಂತಿ ಹಿಡಿದು ಕೂತಿರುತ್ತಾನೆ, ದೂರದ ಸ್ವಿಚ್ಚಿನ ಬಳಿ ಇನ್ನೊಬ್ಬ 'ಚಾಲೂ ಮಾಡಲೇನ್ರಿ?' ಎಂದು ಕೇಳುತ್ತಾನೆ. ಅಲ್ಲಿ ಎರಡು ಹಾಂಗಳ ನಡುವಿನ ವ್ಯತ್ಯಾಸ ಒಂದು ಜೀವ. ಸಾಹೇಬರಿಗೆ ಇದು ನನಗಿಂತ ಚೆನ್ನಾಗಿ ಗೊತ್ತಿತ್ತು. ಆದರೂ ಮುಚ್ಚಿಟ್ಟರು. ನೌಕರಿ ಇನ್ನೂ ಏಳೆಂಟು ವರ್ಷ ಇತ್ತು, ಮಗಳ ಮದುವೆ ಆಗಿರಲಿಲ್ಲ.

ಮುಚ್ಚಿಡುವುದರಲ್ಲಿ ಅವರು ತೋರಿಸಿದ ಬುದ್ಧಿಯ ಕಾಲುಭಾಗ ಇಲಾಖೆಗೆ ತೋರಿಸಿದ್ದರೆ ಚಿಂಚೋಳಿ ಗುಡ್ಡದ ತುದಿಯವರೆಗೂ ಬಲ್ಬು ಉರಿಯುತ್ತಿದ್ದವು. ಆಫೀಸಿನ ರೇಡಿಯೋವನ್ನು ಮುಂಜಾನೆಯಿಂದ ಸಂಜೆಯತನಕ ಗಂಟಲು ಹರಿಯುವಂತೆ ಹಚ್ಚಿಡುತ್ತಿದ್ದರು. ಅದರ ಗದ್ದಲದಲ್ಲಿ ಯಾರಿಗೂ ಯಾರ ಮಾತೂ ಕೇಳುತ್ತಿರಲಿಲ್ಲ, ಆದ್ದರಿಂದ ಸಾಹೇಬರೂ ಎಲ್ಲರ ಹಾಗೆಯೇ ಕಾಣುತ್ತಿದ್ದರು. ಯಾರಾದರೂ ನಗೆಮಾತು ಹೇಳಿದರೆ ಉಳಿದವರ ಬಾಯಿ ನೋಡಿ, ಒಂದು ಗಳಿಗೆ ತಡವಾಗಿ, ಎಲ್ಲರಿಗಿಂತ ಜೋರಾಗಿ ನಗುತ್ತಿದ್ದರು. ಉಳಿದ ಹೊತ್ತು ತಾವೇ ಮಾತಾಡುತ್ತಿದ್ದರು. ಮಾತಾಡುವವನಿಗೆ ಕೇಳಿಸಿಕೊಳ್ಳುವ ತೊಂದರೆ ಇಲ್ಲವಲ್ಲ. ನಡುಬೇಸಿಗೆಯಲ್ಲೂ ಕುತ್ತಿಗೆಗೆ ಮಫ್ಲರ್. ಕೇಳಿದರೆ, "ತಂಪು ಗಾಳಿ ತಮ್ಮಾ, ಕಿವಿಗಿ ಛಲೋ ಅಲ್ಲ" ಎನ್ನುತ್ತಿದ್ದರು. ಸೇಡಂನ ವೈಶಾಖದಲ್ಲಿ ತಂಪು ಗಾಳಿ ಕಂಡ ಏಕೈಕ ಮನುಷ್ಯ ಅವರು.

ಈ ಗುಟ್ಟು ಇಡೀ ಇಲಾಖೆಯಲ್ಲಿ ನನಗೊಬ್ಬನಿಗೇ ಗೊತ್ತು ಎಂದು ನಾನು ತಿಳಿದಿದ್ದೆ. ಅದು ಗೊತ್ತಿದ್ದದ್ದಕ್ಕೆ ನನಗೆ ಒಂದಿಷ್ಟು ಧಿಮಾಕೂ ಇತ್ತು.

ತಾಪತ್ರಯ ಶುರುವಾದದ್ದು ಇಲಾಖೆ ನಮ್ಮಿಬ್ಬರಿಗೂ ಒಂದೊಂದು ಫಟಫಟಿ ಕೊಟ್ಟಾಗ. ಮೋಟಾರ್ ಸೈಕಲ್ಲಿಗೆ ನಮ್ಮಲ್ಲಿ ಅದೇ ಹೆಸರು, ಅದು ತನ್ನ ಹೆಸರನ್ನು ತಾನೇ ಕೂಗಿಕೊಂಡು ಓಡುತ್ತದೆ. ಸೇಡಂನಿಂದ ಚಿಂಚೋಳಿಯ ದಾರಿಗುಂಟ ತಂತಿ ನೋಡುತ್ತ ಹೋಗುವುದು ನಮ್ಮ ಕೆಲಸ. ಸಾಹೇಬರು ಮುಂದೆ, ನಾನು ಹಿಂದೆ. ಎಲ್ಲಿ ಕಂಬಕ್ಕೆ ತಂತಿ ಕಟ್ಟುವ ಪಿಂಗಾಣಿ ಬಟ್ಟಲು ಒಡೆದಿದೆ, ಎಲ್ಲಿ ಬೇವಿನ ಟೊಂಗೆ ತಂತಿಗೆ ತಾಗಿದೆ ಎಂದು ನಾನು ಹಿಂದಿನಿಂದ ಒದರಬೇಕು, ಅವರು ನಿಲ್ಲಬೇಕು. ನಾನು ಒದರುತ್ತಿದ್ದೆ, ಅವರು ಹೋಗುತ್ತಿದ್ದರು. ಒಂದು ದಿನ ಅವರ ಹಿಂದೆ ಫರಸಿ ತುಂಬಿದ ಲಾರಿಯೊಂದು ಎರಡು ಮೈಲಿ ಹಾರ್ನು ಬಾರಿಸುತ್ತ ಬಂದರೂ ದಾರಿ ಬಿಡಲಿಲ್ಲ. ಕಡೆಗೆ ಲಾರಿಯವನು ಮುಂದೆ ಹೋಗಿ ಅಡ್ಡ ನಿಲ್ಲಿಸಿ ಕೆಳಗಿಳಿದು ಅವರ ಹಿಂದಿನ ಏಳು ಪೀಳಿಗೆಯನ್ನು ಸ್ಮರಿಸಿದ. ಸಾಹೇಬರು ಅವನಿಗೂ ಹಾಂ ಎಂದರು. ಅವನು ದಿಕ್ಕು ತೋಚದೆ ಲಾರಿ ಹತ್ತಿದ.

ಮರುದಿನ ಸಾಹೇಬರು ಒಂದು ಫೈಲು ತೆರೆದರು. ಹೊರಗೆ ಕೆಂಪು ಶಾಯಿಯಲ್ಲಿ ಬರೆದರು: 'ಎರಡು ಮೋಟಾರ್ ಸೈಕಲ್ಲುಗಳ ನಡುವೆ ಸಂಭಾಷಣಾ ಸಾಧನ: ಆಯ್ಕೆ.' ಕಿವಿಯ ಸುದ್ದಿ ಅದರಲ್ಲಿ ಒಂದಕ್ಷರವೂ ಇಲ್ಲ. "ಇಲಾಖಿ ಆಧುನಿಕ ಆಗಬೇಕು ತಮ್ಮಾ," ಎಂದರು. ಆಧುನಿಕ ಆಗಬೇಕಾದ ಇಲಾಖೆಯ ಕಪಾಟಿಗೆ ಆಗ ಬಾಗಿಲು ಇರಲಿಲ್ಲ.

ಮೊದಲನೆಯ ಸಾಧನ ಹಾರ್ನು. ಒಂದು ಸಲ ಬಾರಿಸಿದರೆ ನಿಲ್ಲು, ಎರಡು ಸಲಕ್ಕೆ ಬಟ್ಟಲು ಒಡೆದಿದೆ, ಮೂರು ಸಲಕ್ಕೆ ಟೊಂಗೆ. ಹಾರ್ನು ಕೇಳದ ಮನುಷ್ಯನಿಗೆ ಹಾರ್ನಿನ ಭಾಷೆ ಕಲಿಸುವ ಯೋಜನೆ ಇದು. ಅವರೇ ತಯಾರಿಸಿದ್ದು, ಆದ್ದರಿಂದ ನಾನು ಸುಮ್ಮನಿದ್ದೆ. ನನ್ನ ಹಾರ್ನಿಗೆ ಸಾಹೇಬರು ನಿಲ್ಲಲಿಲ್ಲ, ಎದುರಿನಿಂದ ಬರುತ್ತಿದ್ದ ಬಸ್ಸು ನಿಂತಿತು. ಫೈಲಿನಲ್ಲಿ ಬರೆದರು: 'ಸಾರ್ವಜನಿಕರಿಗೆ ಗೊಂದಲ.'

ಎರಡನೆಯದು ರಬ್ಬರ್ ಪೈಪು. ಪೈಪಿನ ಎರಡು ತುದಿಗೂ ಚಿಮಣಿಗೆ ಎಣ್ಣೆ ಹಾಕುವ ಲಾಳಿಕೆ. ನನ್ನ ಲಾಳಿಕೆಯಲ್ಲಿ ನಾನು ಮಾತಾಡಬೇಕು, ಅವರ ಲಾಳಿಕೆಯನ್ನು ಅವರು ಮಫ್ಲರಿನಿಂದ ಕಿವಿಗೆ ಬಿಗಿದುಕೊಳ್ಳಬೇಕು. ಎರಡು ಗಾಡಿ ಒಂದರ ಬಾಜೂ ಒಂದು, ಜೋಡೆತ್ತಿನ ಹಾಗೆ ಓಡಬೇಕು. ಮಾತಿಗಿಂತ ಮೊದಲು ವಾಡಿಯ ಸಿಮೆಂಟಿನ ಧೂಳು ಆ ಪೈಪಿನಲ್ಲಿ ಹಾದು ಅವರ ಕಿವಿ ಸೇರಿತು. ಉಳಿದಿದ್ದ ಅರೆಪಾವು ಕಿವಿಯೂ ಒಂದು ವಾರ ಕಟ್ಟಿಕೊಂಡಿತು.

ಮೂರನೆಯದು ಪೊಲೀಸರ ಕೈಯಲ್ಲಿ ಇರುವಂಥ ವಾಕಿಟಾಕಿ. ಅದಕ್ಕೆ ಲೈಸೆನ್ಸ್ ಬೇಕು. ಕೇಳಿದರೆ, ಸೆಟ್ಟಿನ ನಂಬರು ಇಲ್ಲದೆ ಲೈಸೆನ್ಸ್ ಇಲ್ಲ ಎಂದರು. ಅಂಗಡಿಯವನು, ಲೈಸೆನ್ಸ್ ಇಲ್ಲದೆ ಸೆಟ್ಟು ಇಲ್ಲ ಎಂದ. ಹುಚ್ಚು ಬಿಡದೆ ಮದುವೆ ಇಲ್ಲ, ಮದುವೆಯಾಗದೆ ಹುಚ್ಚು ಬಿಡುವುದಿಲ್ಲ. ಈ ನಡುವೆ ಸಾಹೇಬರ ಅರ್ಜಿ ಓದಿದ ಯಾರೋ ಪುಣ್ಯಾತ್ಮನಿಗೆ ಅನುಮಾನ ಬಂದು, ಚಿತ್ತಾಪುರದಿಂದ ಒಬ್ಬ ಪೊಲೀಸ್ ಜಮಾದಾರ ವಿಚಾರಣೆಗೆ ಬಂದ.

"ನೀವು ಫಟಫಟಿ ಮ್ಯಾಲ ಕುಂತು ಯಾರ ಜೋಡಿ ಮಾತಾಡ್ತೀರಿ?"

"ಹಾಂ?"

"ಒಪ್ಪಿಕೊಂಡ್ರಿ ಅಂದಂಗಾತು," ಎಂದು ಅವನು ಬರೆದುಕೊಳ್ಳತೊಡಗಿದ. ಅದನ್ನು ಅಳಿಸಲು ನಾನು ಎರಡು ಪ್ಲೇಟು ಮಿರ್ಚಿ ಭಜಿ ತರಿಸಬೇಕಾಯಿತು.

ಹೀಗೆ ಒಂದು ವರ್ಷ. ಮದುವೆಗೆ ಹೆಣ್ಣು ನೋಡುವವರೂ ಇಷ್ಟು ಮನೆ ಹತ್ತಿ ಇಳಿಯುವುದಿಲ್ಲ. ನಾನು ಮನೆಯಲ್ಲಿ ಹೆಂಡತಿಯ ಮುಂದೆ ಸಾಹೇಬರ ವೇಷ ಹಾಕಿ, ಲಾಳಿಕೆ ಕಿವಿಗೆ ಹಿಡಿದು ನಗಿಸುತ್ತಿದ್ದೆ. ಅವಳು ಒಂದು ದಿನ ನಗುವುದನ್ನು ನಿಲ್ಲಿಸಿ, "ಅಲ್ರೀ, ಆ ಮನಷ್ಯಾಗ ಎಷ್ಟು ಅಂಜಿಕಿ ಇರಬೇಕು," ಎಂದಳು. ಹೆಂಗಸರಿಗೆ ವಿನೋದ ತಿಳಿಯುವುದಿಲ್ಲ ಎಂದು ನಾನು ಲಾಳಿಕೆ ಕೆಳಗಿಟ್ಟೆ.

ಕೊನೆಗೆ ಆಯ್ಕೆಯಾದದ್ದು ಮಿಲಿಟರಿಯವರು ಬಿಸಾಡಿದ ಒಂದು ಜೊತೆ ಟೆಲಿಫೋನು. ಹೈದರಾಬಾದಿನ ಗುಜರಿಯಲ್ಲಿ ಸಿಕ್ಕವು. ವಾಡಿಯಲ್ಲಿ ರೇಡಿಯೋ ರಿಪೇರಿ ಮಾಡುತ್ತಿದ್ದ ಖಾಜಾಮಿಯಾ ಅವುಗಳ ಹೊಟ್ಟೆ ಬಿಚ್ಚಿ, ಬ್ಯಾಟರಿಯ ಮಸಾಲೆ ಸೆಲ್ಲು ತುಂಬಿ, ಒಂದನ್ನು ನನ್ನ ಟ್ಯಾಂಕಿನ ಮೇಲೆ, ಇನ್ನೊಂದನ್ನು ಸಾಹೇಬರ ಟ್ಯಾಂಕಿನ ಮೇಲೆ ಬಿಗಿದ. ಕೇಳುವ ಬಿಲ್ಲೆಯನ್ನು ಸಾಹೇಬರ ಬಲಗಿವಿಗೆ ಒತ್ತಿ ಮಫ್ಲರ್ ಸುತ್ತಿದ. ಎರಡು ಗಾಡಿಯ ನಡುವೆ ಹತ್ತು ಮಾರು ವೈರು. "ಅಬ್ ಬೋಲೋ," ಎಂದ.

ನಾನು ಏನು ಹೇಳುವುದೆಂದು ತಿಳಿಯದೆ, "ಸಾಹೇಬ್ರ, ಚಾ ಕುಡಿಯಾಮೇನ್ರಿ?" ಎಂದೆ.

ಸಾಹೇಬರು ಬಿಲ್ಲೆಯನ್ನು ಕಿವಿಗೆ ಇನ್ನಷ್ಟು ಒತ್ತಿಕೊಂಡರು. ಹಾಂ ಅನ್ನಲಿಲ್ಲ. "ನಿನ್ನ ದನಿ ಇಷ್ಟು ಸಣ್ಣದೇನೋ ತಮ್ಮಾ? ನಾ ದಪ್ಪ ಅಂತ ತಿಳದಿದ್ದೆ," ಎಂದರು. ಅವರ ಕಣ್ಣಲ್ಲಿ ನೀರು ಬಂದಿತ್ತು. ಧೂಳು ಎಂದು ಒರೆಸಿಕೊಂಡರು. ಅವತ್ತು ಸೇಡಂ ಮುಟ್ಟುವತನಕ, "ಮಾತಾಡು, ಏನರ ಮಾತಾಡು," ಎನ್ನುತ್ತಲೇ ಇದ್ದರು. ನನಗೆ ವಿಷಯ ಮುಗಿದು ಮೈಲುಗಲ್ಲು ಓದಿದೆ, ಅಂಗಡಿಯ ಬೋರ್ಡು ಓದಿದೆ, ಹೊಲದಲ್ಲಿ ಜೋಳ ಎಷ್ಟೆತ್ತರ ಬಂದಿದೆ ಎಂದು ಹೇಳಿದೆ. ಎಲ್ಲಕ್ಕೂ ಉತ್ತರ ಕೊಟ್ಟರು, ಅದೂ ಕೇಳಿದ್ದಕ್ಕೆ ಸರಿಯಾದ ಉತ್ತರ. ನನಗೂ ಸಂತೋಷವಾಯಿತು, ಸುಳ್ಳು ಯಾಕೆ ಹೇಳಲಿ.

ತೊಂದರೆ ಇರಲಿಲ್ಲವೆಂದಲ್ಲ. ಹತ್ತು ಮಾರು ವೈರಿನಿಂದ ಕಟ್ಟಿದ ಎರಡು ಗಾಡಿಗಳ ನಡುವೆ ಎಮ್ಮೆ ಬರಬಾರದು ಎಂಬುದು ಎಮ್ಮೆಗೆ ಗೊತ್ತಿರುವುದಿಲ್ಲ. ಕಾಗಿಣಾ ಹೊಳೆಯ ಸೇತುವೆ ಬಳಿ ಒಂದು ಎಮ್ಮೆ ವೈರನ್ನು ಕೊಂಬಿಗೆ ಸುತ್ತಿಕೊಂಡು, ಸಾಹೇಬರ ಟೆಲಿಫೋನಿನ ಸಮೇತ ನೀರಿಗಿಳಿದು ಕುಳಿತಿತು. ಅದನ್ನು ಎಬ್ಬಿಸಿ ತರುವ ಹೊತ್ತಿಗೆ ಸಾಹೇಬರು ಫೈಲಿನಲ್ಲಿ 'ಜಾನುವಾರು' ಎಂದು ಹೊಸ ಕಾಲಂ ಹಾಕಿಕೊಂಡಿದ್ದರು.

ಇಷ್ಟಾದ ಮೇಲೆ ನಾನು ಒಂದು ಜಾಣತನ ಮಾಡಿದೆ. ಲೈನಿನ ಕೆಲಸಕ್ಕೆ ಒಂದು ಚೀಟಿಯ ಪದ್ಧತಿ ಇತ್ತು. ಲೈನ್‌ಮನ್ ಕಂಬದಿಂದ ಕೆಳಗಿಳಿದು, ನೆಲ ಮುಟ್ಟಿ, ಕೆಲಸ ಮುಗಿದಿದೆ ಎಂದು ಚೀಟಿಗೆ ಸಹಿ ಹಾಕಬೇಕು. ಆ ಚೀಟಿ ಸ್ವಿಚ್ಚಿನವನ ಕೈಗೆ ಬಂದಮೇಲೇ ಕರೆಂಟು. ಅದಕ್ಕಾಗಿ ಕೆಸರಲ್ಲಿ ಫರ್ಲಾಂಗುಗಟ್ಟಲೆ ನಡೆಯಬೇಕು, ನಡೆಯುವವನು ನಾನು. ಒಂದು ದಿನ ಆಫೀಸಿನಲ್ಲಿ, ರೇಡಿಯೋ ಒದರುತ್ತಿರುವಾಗ, "ಇನ್ನ ಚೀಟಿ ಯಾಕ್ರಿ ಸಾಹೇಬ್ರ? ಫೋನ್ ಅದಲ್ಲ, ವೈರ್ ಉದ್ದ ಮಾಡಿ ಅದರಾಗೇ ಕೇಳಿಬಿಡ್ತೀನಿ," ಎಂದೆ.

"ಹಾಂ," ಎಂದರು.

ಆ ಹಾಂ ಯಾವುದು ಎಂದು ಲೋಕದಲ್ಲಿ ಯಾರಿಗಾದರೂ ಗೊತ್ತಿದ್ದರೆ ಅದು ನನಗೆ. ಆದರೂ ಮುಧೋಳದ ಗೌಡರ ಹಾಗೆ ಮಂಜೂರಾತಿ ಪಡೆದುಕೊಂಡು ಹೊರಬಂದೆ. ನನಗೆ ಅನುಕೂಲವಾಗಿತ್ತು.

ಮಿರಗದ ಮಳೆಯ ಶುರುವಿನಲ್ಲಿ ಗಾಳಿ ಬೀಸಿ ಚಿಂಚೋಳಿ ದಾರಿಯ ತಂತಿ ಹರಿಯಿತು. ಲೈನ್‌ಮನ್ ಶರಣಪ್ಪ ಮೊದಲೇ ಹೋಗಿ ಸ್ವಿಚ್ಚು ಇಳಿಸಿ ಕಂಬ ಹತ್ತಿದ್ದ. ಅವನು ಮಾತು ಕಡಿಮೆಯ ಮನುಷ್ಯ, ಕಂಬದ ಮೇಲೆ ಇದ್ದಷ್ಟೇ ನೆಲದ ಮೇಲೂ ದೂರ. ಸಾಹೇಬರು ಕಂಬದ ಬುಡದಲ್ಲಿ ತಮ್ಮ ಫಟಫಟಿ ನಿಲ್ಲಿಸಿದರು. ನಾನು ವೈರು ಬಿಚ್ಚುತ್ತ ಒಂದು ಫರ್ಲಾಂಗು ಹಿಂದೆ ಹೋಗಿ ಸ್ವಿಚ್ಚಿನ ಕಂಬದ ಬಳಿ ನನ್ನದನ್ನು ನಿಲ್ಲಿಸಿದೆ. ಮಧ್ಯಾಹ್ನದ ಹೊತ್ತು, ಜಿಟಿಜಿಟಿ ಮಳೆ. ಎರಿಮಣ್ಣು ಬೂಟಿಗೆ ಮೆತ್ತಿ ಒಂದೊಂದು ಕಾಲು ಐದೈದು ಸೇರು ತೂಗುತ್ತಿತ್ತು. ಹೊಟ್ಟೆ ಹಸಿದಿತ್ತು. ಮಳೆಹನಿಯ ಅಡ್ಡ ಶರಣಪ್ಪ ಕಪ್ಪು ಚುಕ್ಕೆಯಂತೆ ಕಾಣುತ್ತಿದ್ದ, ಇಳಿದನೋ ಬಿಟ್ಟನೋ ಎಂದು ಕಣ್ಣು ಕಿರಿದು ಮಾಡಿ ನೋಡುವ ತಾಳ್ಮೆ ನನಗಿರಲಿಲ್ಲ.

ಫೋನಿನ ಹಿಡಿಕೆ ತಿರುವಿ ಕೇಳಿದೆ: "ಮುಗೀತೇನ್ರಿ ಸಾಹೇಬ್ರ? ಚಾಲೂ ಮಾಡ್ಲೇನ್ರಿ?"

ಒಳಗೆ ಬರೀ ಚರಚರ. ಸೆಲ್ಲು ನೀರು ಕುಡಿದಿದ್ದವು. ಚರಚರದ ನಡುವಿನಿಂದ ಸಾಹೇಬರ ದನಿ ಬಂತು.

"ಹಾಂ."

ನಾನು ಸ್ವಿಚ್ಚಿನ ಹಿಡಿಕೆಗೆ ಕೈಹಾಕಿ ಎಳೆದೆ.

ಅದು ಬರಲಿಲ್ಲ. ತುಕ್ಕು ಹಿಡಿದಿದೆ ಎಂದು ಬೈದು, ಅಂಗೈಗೆ ಉಗುಳಿಕೊಂಡು, ಮೈಭಾರ ಹಾಕಿ ಜೋತುಬಿದ್ದು ಎಳೆದೆ. ಕದಲಲಿಲ್ಲ. ಹಿಡಿಕೆಯ ಕೆಳಗೆ ಮಳೆಗೆಂದು ಯಾರೋ ಗೋಣಿತಟ್ಟಿನ ಚೂರು ಸುತ್ತಿದ್ದರು. ಅದನ್ನು ಕಿತ್ತು ನೋಡಿದೆ. ಒಳಗೆ ಒಂದು ಬೀಗ ಇತ್ತು. ಹಳ್ಳಿಮನೆಯ ಬಾಗಿಲಿಗೆ ಹಾಕುವಂಥ, ಸಂತೆಯ ಬೀಗ. ತಲೆಯೆತ್ತಿ ಈ ಸಲ ಕಣ್ಣು ಕಿರಿದು ಮಾಡಿ ನೋಡಿದೆ. ಶರಣಪ್ಪ ಕಂಬದ ತುದಿಯಲ್ಲಿದ್ದ. ಎರಡೂ ಕೈಯಲ್ಲಿ ತಂತಿ ಹಿಡಿದಿದ್ದ.

ಆ ಕೆಸರಿನಲ್ಲೇ ಕೂತುಬಿಟ್ಟೆ.

ಫೋನಿನಲ್ಲಿ ಮತ್ತೇನೂ ಬಾರದ್ದರಿಂದ ಸಾಹೇಬರು ನಡೆದುಕೊಂಡು ಬಂದರು. ಬೀಗ ನೋಡಿದರು, ಹರಿದ ತಟ್ಟು ನೋಡಿದರು, ನನ್ನ ಮುಖ ನೋಡಿದರು. ಕೆಲಸ ಮುಗಿಸಿ ಶರಣಪ್ಪನೂ ಬಂದ. ಅಂಗಿ ಎತ್ತಿ, ಉಡದಾರಕ್ಕೆ ಕಟ್ಟಿಕೊಂಡಿದ್ದ ಕೀಲಿಕೈ ಬಿಚ್ಚಿ, ಏನೂ ಆಗಿಲ್ಲವೆಂಬಂತೆ ಬೀಗ ತೆಗೆಯತೊಡಗಿದ.

"ಇದು ಯಾವಾಗಿಂದ ಹಾಕ್ಲಿಕತ್ತಿ?" ಎಂದು ಕೇಳಿದೆ.

"ಮೂರು ವರ್ಷ ಆತ್ರಿ. ಸಾಹೇಬ್ರಿಗಿ ಕೇಳಂಗಿಲ್ಲಂತ ಗೊತ್ತಾದಾಗಿಂದ."

"ಯಾರಿಗೆಲ್ಲ ಗೊತ್ತದ?"

"ಎಲ್ಲಾರಿಗೂ ಗೊತ್ತದರಿ."

"ಮತ್ತ ಹೇಳಬಾರದೇನು?"

"ಹೆಂಗ ಹೇಳಬೇಕ್ರಿ. ಪಾಪ, ಅಷ್ಟು ಕಷ್ಟಪಟ್ಟು ಮುಚ್ಚಿಟ್ಟಾರ. ಅವರಿಗಿ ಕಾಣಬಾರದಂತ ತಟ್ಟು ಸುತ್ತಿದ್ದೆ, ಚೀಟಿಗಿ ಸಹಿ ಹಾಕಿ ನಿಮಗಿಂತ ಮೊದಲ ಬಂದು ಬೀಗ ತಗೀತಿದ್ದೆ. ಕಂಬದ ಮ್ಯಾಲ ಇರಾಂವ ನಾ, ನನ್ನ ಜೀವಾ ನಾನೇ ಕಾಯ್ಕೋಬೇಕಲ್ರಿ."

"ಏನಂದ ಅಂವ?" ಸಾಹೇಬರು ನನ್ನನ್ನು ಕೇಳಿದರು.

ನಾನು ಎದ್ದು ಅವರ ಬಲಗಿವಿಗೆ ಬಾಯಿಟ್ಟು, ಶರಣಪ್ಪ ಹೇಳಿದ್ದನ್ನೆಲ್ಲ ಕೂಗಿ ಹೇಳಿದೆ. ಅವರಿಗೆ ಒಂದಕ್ಷರ ಬಿಡದೆ ಕೇಳಿಸಿತು. ಮೂರು ವರ್ಷದಲ್ಲಿ ನಾವು ಯಾರೂ ಹಾಗೆ ಕೂಗಿರಲಿಲ್ಲ. ದೊಡ್ಡವರ ಕಿವಿಯಲ್ಲಿ ಒದರುವುದು ಮರ್ಯಾದೆ ಅಲ್ಲ ಎಂದು ಎಲ್ಲರೂ ಮೆಲ್ಲಗೆ ಮಾತಾಡಿ, ಅವರು ಹಾಂ ಅಂದಮೇಲೆ ಹಿಂದೆ ಹೋಗಿ ಒಬ್ಬೊಬ್ಬರೇ ನಗುತ್ತಿದ್ದೆವು.

ಮರುದಿನ ಮುಂಜಾನೆ ಸಾಹೇಬರು ಆಫೀಸಿಗೆ ಬಂದವರೇ ರೇಡಿಯೋ ಬಂದ್ ಮಾಡಿದರು. ಗುಲ್ಬರ್ಗಾದ ದೊಡ್ಡ ಸಾಹೇಬರಿಗೆ ಪತ್ರ ಬರೆಯಬೇಕು, ನಿನ್ನ ಅಕ್ಷರ ಛಲೋ ಅವ, ನೀ ಬರಿ ಎಂದರು.

"'ನನಗೆ ಕಿವಿ ಕೇಳುವುದಿಲ್ಲ.' ಬರಿ."

ನಾನು 'ಸ್ವಲ್ಪ ಕಡಿಮೆ ಕೇಳಿಸುತ್ತದೆ' ಎಂದು ಬರೆದೆ. ಅವರು ಕಾಗದ ಎಳೆದುಕೊಂಡು ಓದಿ, ತಮ್ಮ ಪೆನ್ನಿನಿಂದ ಅದನ್ನು ಹೊಡೆದುಹಾಕಿದರು. "ಕಿವಿ ಹೋಗ್ಯಾವ, ಕಣ್ಣು ಅವ," ಎಂದರು. ಲೈನ್‌ಮನ್‌ಗಳಿಗೆಲ್ಲ ಇಲಾಖೆಯಿಂದಲೇ ಒಂದೊಂದು ಬೀಗ ಕೊಡಬೇಕು ಎಂದು ಬರೆಸಿದರು. ಆಮೇಲೆ ಹೇಳಿದರು: "ಬರಿ. 'ಚೀಟಿಯ ಪದ್ಧತಿಯನ್ನು ನಾನೇ ನಿಲ್ಲಿಸಿದ್ದೆ. ಕೆಲಸ ಮುಗಿಯುವ ಮೊದಲೇ ಚಾಲೂ ಮಾಡಲು ನಾನೇ ಹೇಳಿದೆ.'"

ನಾನು ಪೆನ್ನು ಕೆಳಗಿಟ್ಟು ಅವರ ಕಿವಿಗೆ ಬಾಯಿ ಒಯ್ದೆ. "ನೀವು ಹೇಳಿಲ್ರಿ ಸಾಹೇಬ್ರ. ಚೀಟಿ ಬಿಡಿಸಿದಾಂವ ನಾ. ಎಳದಾಂವ ನಾ."

"ಕೇಳ್ತು," ಎಂದರು. "ನನ್ನ ನೌಕರಿ ಹೆಂಗೂ ಹೋಗ್ತದ. ಒಂದು ಪತ್ರದಾಗ ಇಬ್ಬರು ಯಾಕ ಹೋಗಬೇಕು? ನಾ ಹೇಳಿದ್ದಷ್ಟ ಬರಿ."

ಬೇಡ ಎನ್ನಬೇಕಿತ್ತು. ನನ್ನ ಹೆಸರೂ ಸೇರಿಸುತ್ತೇನೆ ಎಂದು ಹಟ ಹಿಡಿಯಬೇಕಿತ್ತು. ನಾನು ಪೆನ್ನು ಎತ್ತಿಕೊಂಡು ಅವರು ಹೇಳಿದಷ್ಟೇ, ಗುಂಡಗಿನ ಅಕ್ಷರದಲ್ಲಿ, ಒಂದೂ ಚಿತ್ತಿಲ್ಲದೆ ಬರೆದೆ.

ಅವರನ್ನು ಛೀಮಾರಿ ಬರೆದು ಮನೆಗೆ ಕಳಿಸಿದರು. ಮಗಳ ಮದುವೆ ಎರಡು ವರ್ಷ ತಡವಾಯಿತು. ಅವರ ಕುರ್ಚಿಗೆ ಯಾರು ಎಂದು ನೋಡುವಾಗ, ಆ ಭಾಗದ ಕೆಲಸ ಬಲ್ಲವನು ನಾನೊಬ್ಬನೇ ಇದ್ದೆ.

ನಾನು ಆ ಕುರ್ಚಿಯಲ್ಲಿ ಕೂತ ಮೇಲೆ ಗುಲ್ಬರ್ಗಾದಿಂದ ದೊಡ್ಡ ಸಾಹೇಬರು ತಪಾಸಣೆಗೆ ಬಂದರು. ಎಲ್ಲ ಕಾಗದ ನೋಡಿ ಖುಷಿಯಾಗಿ, ಹೊರಡುವಾಗ ನನ್ನ ಹೆಗಲ ಮೇಲೆ ಕೈಯಿಟ್ಟು, "ಹಿಂದಿನಾಂವ ಒಬ್ಬನ ಜೀವಾ ತಗೀತಿದ್ದ ನೋಡ್ರಿ. ನೀವು ಹಂಗ ಮಾಡಬ್ಯಾಡ್ರಿ," ಎಂದರು.

"ಇಲ್ರಿ ಸರ್, ಮಾಡಂಗಿಲ್ರಿ," ಎಂದೆ.

ಅವರ ಜೀಪು ಹೋಯಿತು. ತಿರುಗಿ ನೋಡಿದರೆ ಬಾಗಿಲಿನ ಹತ್ತಿರ ಶರಣಪ್ಪ ನಿಂತಿದ್ದ. ಎಷ್ಟು ಹೊತ್ತಿನಿಂದ ನಿಂತಿದ್ದನೋ. ಅವನು ನನ್ನನ್ನು ನೋಡದೆ, ನೆಲ ನೋಡುತ್ತ, ಮೆಲ್ಲಗೆ ಹೇಳಿದ:

"ನಾ ಏನೂ ಕೇಳಿಲ್ರಿ, ಸಾಹೇಬ್ರ."